ಎಂಟನೆಯ ಸುತ್ತಿನ ಆಯ್ಕೆ

ಜುಲೈ 14, 2014, ಸೋಮವಾರ

ವಿಶ್ವಕಪ್ ಮುಗಿಯಿತು, ನನ್ನ ಬಿಪಿ ಮುಗಿಯಲಿಲ್ಲ. ಬ್ರೆಜಿಲ್ ಏಳು ಗೋಲು ತಿಂದ ದಿನ ಏರಿದ್ದು ಇನ್ನೂ ಇಳಿದಿಲ್ಲ. “ಟೀವಿ ಮುಂದೆ ಕೂಗಾಡ್ಬೇಡಿ ಅಂಬರೀಶ್, ಹೇಳೋದೇನಿದ್ರೂ ಒಂದ್ ಕಡೆ ಬರೆದಿಡಿ” ಎಂದರು ಡಾಕ್ಟರು. ಮನೆಗೆ ಬಂದದ್ದೇ ತಡ, ಟೈರ್ ಕಂಪನಿಯವರು ಕೊಟ್ಟ ಡೈರಿಯನ್ನು ಹೆಂಡತಿ ಧನಲಕ್ಷ್ಮಿ ನನ್ನ ಮುಂದೆ ಕುಕ್ಕಿದಳು. ಮಾರ್ಚ್‌ವರೆಗೆ ಅದರಲ್ಲಿ ಅವಳು ಹೊಲಿದ ಬ್ಲೌಸುಗಳ ಅಳತೆ ಇದೆ. ಇನ್ನು ಮುಂದೆ ಫುಟ್‌ಬಾಲ್.

ಮೊದಲ ಪುಟದಲ್ಲಿ ವಿವರ ತುಂಬಲು ಜಾಗ ಬಿಟ್ಟಿದ್ದಾರೆ. ತುಂಬಿದೆ. ವಯಸ್ಸು ನಲವತ್ತೊಂದು. ಊರು ಪಟ್ಟಂದೂರು ಅಗ್ರಹಾರ, ತಾತನ ಕಾಲದಿಂದಲೂ. ಉದ್ಯೋಗ, ಐಟಿ ಪಾರ್ಕಿನ ಒಂದು ಕಂಪನಿಯಲ್ಲಿ ಟ್ರಾನ್ಸ್‌ಪೋರ್ಟ್ ಡೆಸ್ಕ್. ಯಾರು ಯಾವ ಕ್ಯಾಬಿನಲ್ಲಿ ಮನೆಗೆ ಹೋಗಬೇಕೆಂದು ತೀರ್ಮಾನಿಸುವವನು ನಾನು. ಕಂಪನಿಯ ನೌಕರನಲ್ಲ, ಏಜೆನ್ಸಿಯವನು. “ವಿಶೇಷ ಸೂಚನೆ” ಎಂಬಲ್ಲಿ “ಫುಟ್‌ಬಾಲ್ ಬಲ್ಲವನು” ಎಂದು ಬರೆದೆ. ಆಡಿದ್ದೀಯಾ ಎಂದು ಯಾರೂ ಕೇಳಬೇಕಾಗಿಲ್ಲ. ಊಟದ ರುಚಿ ಹೇಳಲು ಸೌದೆ ಒಲೆ ಊದಿರಬೇಕೇ?

ಸಂತೋಷದ ಸುದ್ದಿಯೊಂದಿದೆ. ಪಾರ್ಕಿನ ಕಂಪನಿಗಳೆಲ್ಲ ಸೇರಿ ಲೀಗ್ ಶುರು ಮಾಡುತ್ತಿವೆ. ಏಳು ಕಂಪನಿ ಟೀಮು, ಜೊತೆಗೆ ನಮ್ಮ ಊರಿನದೊಂದು. ನಮ್ಮನ್ನು ಪ್ರೀತಿಯಿಂದ ಸೇರಿಸಿಕೊಂಡಿದ್ದಲ್ಲ. ಎರಡು ಗಾಜಿನ ಕಟ್ಟಡಗಳ ನಡುವೆ ಉಳಿದಿರುವ ಮೈದಾನ ನಮ್ಮೂರ ಹನುಮಯ್ಯನವರದು. ಊರ ಟೀಮು ಇಲ್ಲದಿದ್ದರೆ ಮೈದಾನವೂ ಇಲ್ಲ ಎಂದರು, ಮುಗಿಯಿತು. ಅವರು ಚೇರ್ಮನ್, ನಾನು ಕಾರ್ಯದರ್ಶಿ. ಲೀಗಿನ ವ್ಯವಹಾರವೆಲ್ಲ ಮೇಲ್‌ನಲ್ಲೇ ನಡೆಯುತ್ತದೆ, ಊರಿನಲ್ಲಿ ದಿನಾ ಮೇಲ್ ನೋಡುವ ಯಜಮಾನ ನಾನೊಬ್ಬನೇ. ಹಾಗಾಗಿ ಕ್ಲಬ್ಬಿನ ವಿಳಾಸವಾಗಿ ನನ್ನ ಆಫೀಸಿನ ಮೇಲ್ ಐಡಿಯನ್ನೇ ಕೊಟ್ಟೆ.

ಜುಲೈ 20, ಭಾನುವಾರ

ಇವತ್ತು ಡ್ರಾಫ್ಟ್. ಹಾಗೆಂದರೇನು ಎಂದು ಧನಲಕ್ಷ್ಮಿ ಕೇಳಿದಳು. ಆಟಗಾರರ ಹೆಸರೆಲ್ಲ ಒಂದು ಪಟ್ಟಿಯಲ್ಲಿರುತ್ತದೆ, ಟೀಮಿನವರು ಸರದಿಯ ಪ್ರಕಾರ ಒಬ್ಬೊಬ್ಬರನ್ನು ಎತ್ತಿಕೊಳ್ಳುತ್ತಾರೆ, ಎತ್ತಿಕೊಂಡವನು ಎರಡು ವರ್ಷ ಆ ಟೀಮಿನ ಸ್ವತ್ತು ಎಂದು ವಿವರಿಸಿದೆ.

“ಅವರನ್ನ ಒಂದ್ ಮಾತು ಕೇಳಲ್ವಾ?”

“ಬೆಂಡೆಕಾಯಿ ಕೊಳ್ಳೋವಾಗ ಬೆಂಡೆಕಾಯಿನ ಕೇಳ್ತೀಯೇನೆ?” ಎಂದೆ. ಹೆಂಗಸರಿಗೆ ಆಡಳಿತ ಅರ್ಥವಾಗುವುದಿಲ್ಲ.

ಪಾರ್ಕಿನಲ್ಲಿ ದುಡಿಯುವ ಯಾರು ಬೇಕಾದರೂ ಹೆಸರು ಕೊಡಬಹುದಿತ್ತು, ಪಟ್ಟಿ ಮಾಡಿದ್ದು ಕಂಪನಿಗಳ ಎಚ್‌ಆರ್‌ನವರು. ಎತ್ತರ, ಅನುಭವದ ವರ್ಷ, ಶಕ್ತಿ, ದೌರ್ಬಲ್ಯ, ಎಲ್ಲಕ್ಕೂ ಕಾಲಂ. ದೌರ್ಬಲ್ಯದ ಕಾಲಮಿನಲ್ಲಿ ಅರವತ್ತು ಜನ “ಅತಿಯಾಗಿ ಶ್ರಮಪಡುತ್ತೇನೆ” ಎಂದು ಬರೆದಿದ್ದರು. ಯಾವ ಕಾಲಿನಲ್ಲಿ ಒದೆಯುತ್ತಾನೆ ಎಂಬ ಕಾಲಂ ಮಾತ್ರ ಇರಲಿಲ್ಲ.

ಚೀಟಿ ಎತ್ತಿದಾಗ ಮೊದಲ ಆಯ್ಕೆ ನಮ್ಮ ಪಾಲಿಗೇ ಬಂತು! ಹನುಮಯ್ಯ ನನ್ನ ಕಿವಿಯಲ್ಲಿ “ಯಾರ್ನ ಇಡೀಲಾ?” ಎಂದರು. ನಾನು ಹಿಂದೆ ಮುಂದೆ ನೋಡಲಿಲ್ಲ. ಪಟ್ಟಿಯ ಹನ್ನೊಂದನೇ ಸಾಲಿನಲ್ಲಿ ನೌಫಲ್ ಎಂಬವನಿದ್ದ. ಊರು ಮಲಪ್ಪುರಂ. ಕ್ರೀಡೆ, ಜಿಲ್ಲಾ ಮಟ್ಟ. ಮಲಪ್ಪುರಂನವನೆಂದ ಮೇಲೆ ಇನ್ನೇನು ಕೇಳುವುದು? ಅಲ್ಲಿ ಮಕ್ಕಳು ಹುಟ್ಟುವಾಗಲೇ ಒದ್ದುಕೊಂಡು ಹುಟ್ಟುತ್ತವೆ. ಉಳಿದ ಏಳು ಟೀಮಿನವರ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಪಟ್ಟಿಯಿಂದ ಟೀಮಿಗೆ ಎಂಟೇ ಜನ, ಉಳಿದವರು ಅವರವರ ಕಡೆಯವರು. ಎಂಟನೆಯ ಸುತ್ತು, ಅಂದರೆ ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ಪಟ್ಟಿಯಲ್ಲಿ ಉಪ್ಪಿನಕಾಯಿಗೂ ಆಗದವರು ಉಳಿದಿದ್ದರು. ನಮ್ಮ ಮನೆ ತಾರಸಿಯ ಶೀಟಿನ ರೂಮಿನಲ್ಲಿ ಬಾಡಿಗೆಗಿರುವ ಮುತ್ತುವನ್ನು ತೆಗೆದುಕೊಂಡೆ. ಯಾದಗಿರಿ ಕಡೆಯವನು, ಪಾರ್ಕಿನ ಕಟ್ಟಡಗಳಲ್ಲಿ ವೈರಿಂಗ್ ಕೆಲಸ ಮಾಡುತ್ತಾನೆ, ತಾಯಿ ರುಕ್ಮವ್ವನ ಜೊತೆ ಇದ್ದಾನೆ. ಪ್ರಾಕ್ಟೀಸಿಗೆ ಕರೆಯಲು ಮೆಟ್ಟಿಲ ಕೆಳಗೆ ನಿಂತು ಕೂಗಿದರೆ ಸಾಕು ಎಂಬ ಒಂದೇ ಕಾರಣಕ್ಕೆ.

ಜುಲೈ 27, ಭಾನುವಾರ

ನೌಫಲ್ ಕೇರಂ ಆಟಗಾರ.

ಜಿಲ್ಲಾ ಮಟ್ಟದ್ದು ಕೇರಂ! ಇವತ್ತು ಮೊದಲ ಪಂದ್ಯದ ಅರ್ಧ ಆಟವಾದ ಮೇಲೆ ತಾನಾಗಿಯೇ ಹೇಳಿದ, ಪಾಪ, ಸುಳ್ಳು ಹೇಳುವ ಹುಡುಗನಲ್ಲ. ಚೆಂಡು ಬಂದಾಗ ಬಗ್ಗಿ ಕೈಯಲ್ಲಿ ಎತ್ತಿಕೊಂಡು ಎದುರು ಟೀಮಿನವನಿಗೆ ಮರ್ಯಾದೆಯಿಂದ ಕೊಟ್ಟ. ಹನುಮಯ್ಯ ನನ್ನನ್ನು ನೋಡಿದ ನೋಟ ಬರೆಯುವಂಥದ್ದಲ್ಲ. ಇದು ದೂರದೃಷ್ಟಿಯ ಹೂಡಿಕೆ, ಎರಡನೇ ವರ್ಷ ಫಲ ಕೊಡುತ್ತದೆ ಎಂದು ಹೇಳಿ ಬಾಯಿ ಮುಚ್ಚಿಸಿದೆ.

ಎರಡು–ಒಂದರಲ್ಲಿ ಗೆದ್ದೆವು. ಎರಡೂ ಮುತ್ತುವಿನವು. ಎಡಗಾಲು. ಮೊದಲನೆಯದು ಮೂಲೆಯಿಂದ ಬಾಗಿ ಹೋದದ್ದನ್ನು ನೋಡಿ ನನ್ನ ಪಕ್ಕದಲ್ಲಿ ನಿಂತಿದ್ದ ಸೆಕ್ಯೂರಿಟಿ ಗಾರ್ಡು “ಅಯ್ಯಪ್ಪಾ!” ಎಂದ. ಡ್ರಾಫ್ಟಿನಲ್ಲಿ ಅವನನ್ನು ಹುಡುಕಿ ತೆಗೆದವನು ನಾನು. ಇಂಥ ಕಣ್ಣು ಎಲ್ಲರಿಗೂ ಇರುವುದಿಲ್ಲ.

ಆಗಸ್ಟ್ 3, ಭಾನುವಾರ

ಮೂರು–ಸೊನ್ನೆ. ಮುತ್ತು, ಮುತ್ತು, ಮುತ್ತು.

ನೀಲಿ ಕಟ್ಟಡದ ಕಂಪನಿಯವರ ಟೀಮಿನಿಂದ ವಿನಿಮಯದ ಮಾತು ಬಂದಿದೆ. ಮುತ್ತುವನ್ನು ಅವರಿಗೆ ಕೊಟ್ಟರೆ ಒಬ್ಬ ಗೋಲ್‌ಕೀಪರ್, ಹನ್ನೆರಡು ಜೊತೆ ಶೂ, ಮತ್ತು ಅವರ ಆಫೀಸಿನ ಹಳೇ ಕಾಫಿ ಮಷೀನು ಕೊಡುತ್ತಾರಂತೆ. ಎಷ್ಟೊಂದು ಅವಮಾನ! ಮಷೀನಿನಲ್ಲಿ ಹಾಲು ಬರುತ್ತದೆಯೇ ಎಂದು ಹನುಮಯ್ಯ ವಿಚಾರಿಸಿದರು. ಬರುವುದಿಲ್ಲ. ಮಾತುಕತೆ ಮುರಿದು ಬಿತ್ತು.

ಆಗಸ್ಟ್ 5, ಮಂಗಳವಾರ

ಬಿಪಿ ಹೆಚ್ಚಾಗಿದೆ, ಆದದ್ದಾಗಲಿ, ಬರೆದೇ ಬಿಡುತ್ತೇನೆ. ಮುತ್ತು ಟೀಮು ಬಿಡುತ್ತಾನಂತೆ!

ಸಂಜೆ ಬಂದು ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತ. “ಅಣ್ಣಾರ, ಆ ನೀಲಿ ಬಿಲ್ಡಿಂಗಿನವ್ರು ನಂಗ ಪರ್ಮನೆಂಟ್ ಎಲೆಕ್ಟ್ರಿಶಿಯನ್ ಕೆಲಸ ಕೊಡ್ತಾರಂತ್ರಿ. ಅವರ ಟೀಮಿಗಿ ಆಡ್ಬೇಕಂತ. ನೀವು ಬಿಟ್ಟು ಕೊಟ್ರ ಆಗ್ತದ್ರಿ.”

“ಕಾಂಟ್ರ್ಯಾಕ್ಟ್ ಎರಡ್ ವರ್ಷ ಇದೆಯಲ್ಲಪ್ಪ.”

“ಹೌದ್ರಿ. ಆದ್ರ ಅವರತ್ರ ತಂದಿ ತಾಯಿಗೂ ಇನ್ಶೂರೆನ್ಸ್ ಐತ್ರಿ. ಅವ್ವನ ಹೊಟ್ಟ್ಯಾಗ ಗಡ್ಡಿ ಆಗೇತಿ, ತಡಾ ಮಾಡಬ್ಯಾಡ್ರಿ ಅಂತ ಡಾಕ್ಟ್ರು ಹೇಳ್ಯಾರ್ರಿ.”

ನೋಡೋಣ ಎಂದು ಕಳಿಸಿದೆ. ಈಗ ನನ್ನ ಅಭಿಪ್ರಾಯ. ರುಕ್ಮವ್ವನಿಗೆ ಹುಷಾರಿಲ್ಲದಿರುವುದು ನಿಜ, ನೋವಿನ ವಿಷಯ. ಆದರೆ ಆಟಗಾರನ ತಾಯಿಯ ಹೊಟ್ಟೆಗೂ ಎಡ ಭಾಗದ ದಾಳಿಗೂ ಏನು ಸಂಬಂಧ? ಇವತ್ತು ಇವನ ತಾಯಿ ಎಂದು ಬಿಟ್ಟರೆ ನಾಳೆ ನೌಫಲ್ ತನ್ನ ಅಜ್ಜಿ ಎನ್ನುತ್ತಾನೆ. (ನೌಫಲ್ ಹೋದರೆ ಹೋಗಲಿ.) ಎಂಟನೆಯ ಸುತ್ತಿನಲ್ಲಿ ಯಾರಿಗೂ ಬೇಡವಾಗಿದ್ದವನನ್ನು ಎತ್ತಿಕೊಂಡವರು ನಾವು. ಕೃತಜ್ಞತೆ ಎಂಬುದು ಬೇಡವೇ?

ಆಗಸ್ಟ್ 9, ಶನಿವಾರ

ಲೀಗಿನಿಂದ ಮೇಲ್ ಬಂದಿದೆ. “ಆಟಗಾರ ಬಿಡುಗಡೆ ಕೋರಿಕೆ, ಮುತ್ತು.” ಕೆಳಗೆ ಎರಡು ಬಟನ್ನು, ಹಸಿರಿನಲ್ಲಿ ಅಪ್ರೂವ್, ಕೆಂಪಿನಲ್ಲಿ ರಿಜೆಕ್ಟ್. ಇಪ್ಪತ್ತೆರಡನೇ ತಾರೀಕು ಶುಕ್ರವಾರ ಸಂಜೆ ಆರರೊಳಗೆ ಒತ್ತದಿದ್ದರೆ ತಾನಾಗಿಯೇ ರಿಜೆಕ್ಟ್ ಆಗುತ್ತದೆ. ಎಷ್ಟು ಒಳ್ಳೆಯ ವ್ಯವಸ್ಥೆ! ಏನೂ ಮಾಡದೆ ನಿರ್ಧಾರ ತೆಗೆದುಕೊಳ್ಳಬಹುದು.

ಧನಲಕ್ಷ್ಮಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳೂ ರುಕ್ಮವ್ವನೂ ಮಧ್ಯಾಹ್ನ ಒಟ್ಟಿಗೆ ಕೂತು ಸೊಪ್ಪು ಬಿಡಿಸುವವರು. ಸಾರು ಬಡಿಸುವಾಗ ಗೋಡೆಯನ್ನು ನೋಡಿಕೊಂಡು “ಆಯಮ್ಮ ಮೂರು ಮೆಟ್ಲು ಹತ್ತಿ ಕೂತ್ಕೊತಾರೆ, ಮತ್ತೆ ಮೂರು ಹತ್ತಿ ಕೂತ್ಕೊತಾರೆ” ಎಂದಳು. ಗೋಡೆಗೇ ಹೇಳಿದ್ದೆಂದುಕೊಂಡು ನಾನು ಸಾರು ಕಲಸಿಕೊಂಡೆ.

ಆಗಸ್ಟ್ 11, ಸೋಮವಾರ

ಫುಟ್‌ಬಾಲಿಗೆ ಸಂಬಂಧಿಸದ ವಿಷಯ, ಆದರೂ ಬರೆಯುತ್ತೇನೆ. ಕಂಪನಿಯವರು ಟ್ರಾನ್ಸ್‌ಪೋರ್ಟಿನ ಏಜೆನ್ಸಿಯನ್ನು ಬದಲಾಯಿಸುತ್ತಿದ್ದಾರೆ. ಸೆಪ್ಟೆಂಬರ್ ಒಂದರಿಂದ ಹೊಸಬರು. ಡೆಸ್ಕಿನಲ್ಲಿರುವ ಹದಿನಾಲ್ಕು ಜನರಲ್ಲಿ ಎಂಟು ಜನರನ್ನು ಉಳಿಸಿಕೊಳ್ಳುತ್ತಾರಂತೆ. ನನಗೇನೂ ಭಯವಿಲ್ಲ. ಒಂಬತ್ತು ವರ್ಷದ ಅನುಭವ. ಬ್ರೂಕ್‌ಫೀಲ್ಡಿನ ಯಾವ ಗಲ್ಲಿಯಲ್ಲಿ ಯಾವ ನಾಯಿ ಕ್ಯಾಬಿನ ಹಿಂದೆ ಓಡುತ್ತದೆ ಎಂಬುದೂ ನನಗೆ ಗೊತ್ತು.

ಆಗಸ್ಟ್ 14, ಗುರುವಾರ

ಇದೂ ಫುಟ್‌ಬಾಲಿಗೆ ಸಂಬಂಧಿಸದ ವಿಷಯ.

ಕ್ಯಾಂಟೀನಿನ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು ಕೂತಿದ್ದರು. ಹೊಸ ಏಜೆನ್ಸಿಯ ಮ್ಯಾನೇಜರ್ ಹುಡುಗಿ, ಇಪ್ಪತ್ತಾರು ಇರಬಹುದು, ಸವಿತಾ ಎಂದು ಹೆಸರು. ನಮ್ಮನ್ನೆಲ್ಲ ಬ್ಯಾಡ್ಜ್ ಹಾಕಿಕೊಂಡು ಸಾಲಾಗಿ ನಿಲ್ಲಿಸಿದರು. ಎದುರಿಗೆ ಪಟ್ಟಿ. ಒಬ್ಬೊಬ್ಬರ ಹೆಸರು ಓದುವುದು, ತಲೆ ಎತ್ತಿ ನೋಡುವುದು, ಗುರುತು ಹಾಕುವುದು. ನನ್ನ ಸರದಿ ಬಂದಾಗ “ಏಜ್ ಸ್ವಲ್ಪ ಜಾಸ್ತಿ ಆಯ್ತಲ್ವಾ ಸಾರ್?” ಎಂದಳು.

“ಅನುಭವ ಇದೆ ಮೇಡಂ.”

“ಅದೇ ಸಾರ್, ಅನುಭವಕ್ಕೆ ಕಾಸ್ಟ್ ಜಾಸ್ತಿ. ನಿಮ್ಮ ದೌರ್ಬಲ್ಯ ಏನು?”

ನನ್ನ ಬಾಯಿಂದ ಬಂದದ್ದು, “ಅತಿಯಾಗಿ ಕೆಲಸ ಮಾಡ್ತೀನಿ ಮೇಡಂ.” ಥೂ.

ಏಳು ಜನರನ್ನು ಆರಿಸಿದರು, ಎಂಟನೆಯವನು ಆಮೇಲಂತೆ. ನಾನು ಏಳರಲ್ಲಿಲ್ಲ. ಮನುಷ್ಯನನ್ನು ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡಿದ ಹಾಗೆ ನೋಡುತ್ತಾರಲ್ಲ, ಇವರಿಗೆ ನಾಚಿಕೆಯಾಗುವುದಿಲ್ಲವೇ? ಒಂಬತ್ತು ವರ್ಷ ದುಡಿದವನಿಗೂ ಮನೆ ಮಠ ಇದೆ ಎಂಬುದು ಯಾವ ಕಾಲಮಿನಲ್ಲೂ ಇರಲಿಲ್ಲ. ಇದು ಯಾವ ಸೀಮೆಯ ಪದ್ಧತಿಯೋ! ಇಂಥದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಧನಲಕ್ಷ್ಮಿಗೆ ಹೇಳಿಲ್ಲ.

ಆಗಸ್ಟ್ 15, ಶುಕ್ರವಾರ

ಮೈದಾನದಲ್ಲಿ ಹನುಮಯ್ಯ ಧ್ವಜ ಹಾರಿಸಿದರು. ಲಾಡು ಹಂಚಿದ ಮೇಲೆ ನನ್ನನ್ನು ಗೋಲ್ ಕಂಬದ ಹಿಂದೆ ಕರೆದರು.

“ಆ ಯಾದ್ಗಿರಿ ಐದ ಓಯ್ತೀನಿ ಅಂತಾನಂತೆ?”

“ಹೌದು ಹನುಮಯ್ಯನವ್ರೇ, ಮೇಲ್ ಬಂದಿದೆ.”

“ಬಟನ್ ಗಿಟನ್ ಒತ್ಬ್ಯಾಡ. ಅಂಗೇ ಬುಟ್ಬುಡು, ತಾನಾಗೇ ಓಯ್ತದೆ. ಫೈನಲ್ಗೆ ಅವ್ನಿಲ್ದಿದ್ರೆ ಎಂಗ್ಲಾ? ಕೇಳು, ನಿನ್ ವಿಸ್ಯ ನಂಗೊತ್ತು. ಒಸಾ ಏಜೆನ್ಸಿಗೆ ನಂದು ಇಪ್ಪತ್ ಕಾರು ಬಾಡ್ಗೆಗೆ ಅಟ್ಯಾಚ್ ಆಗ್ತಾವೆ. ಆ ಎಂಟ್ನೇ ಜಾಗ ನಿಂದೇ ಅಂತ ಒಂದು ಮಾತು ಏಳಿದ್ರೆ ಆಯ್ತು.”

ಕಾಲು ಮುಟ್ಟಬೇಕೆನಿಸಿತು. ಮುಟ್ಟಲಿಲ್ಲ, ಕೈ ಮುಗಿದೆ. ಒಂದು ಮುತ್ತುವಿಗೆ ಬದಲು ಒಂದು ಅಂಬರೀಶ್. ಕಾಫಿ ಮಷೀನಿಗಿಂತ ಎಷ್ಟೋ ವಾಸಿಯಾದ ವಿನಿಮಯ. ಬಹಳ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಆಗಸ್ಟ್ 17, ಭಾನುವಾರ

ಗೆದ್ದೆವು. ಮುತ್ತು ಒಂದು ಗೋಲು. ಗೋಲು ಹೊಡೆದು ಕುಣಿಯಲಿಲ್ಲ, ತಲೆ ಬಗ್ಗಿಸಿಕೊಂಡು ಮಧ್ಯಕ್ಕೆ ನಡೆದ.

ಆಗಸ್ಟ್ 19, ಮಂಗಳವಾರ

ಬೆಳಿಗ್ಗೆ ಹಾಲು ತರಲು ಹೊರಟಾಗ ರುಕ್ಮವ್ವ ನಲ್ಲಿಯ ಹತ್ತಿರ ಕೊಡದ ಮೇಲೆ ಕೈಯೂರಿ ಕೂತಿದ್ದಳು. ಕೊಡ ತುಂಬಿ ಹರಿಯುತ್ತಿತ್ತು, ನಲ್ಲಿ ನಿಲ್ಲಿಸಲು ಕೈ ಏಳುತ್ತಿರಲಿಲ್ಲ. ನಾನು ನಿಲ್ಲಿಸಿ ಕೊಡ ಎತ್ತಿಕೊಂಡೆ.

“ಬ್ಯಾಡ ತಮ್ಮಾ, ನೀ ಯಾಕ ಎತ್ತತಿ.”

“ಇರ್ಲಿ ಬಿಡಿ ರುಕ್ಮವ್ವ.”

“ನಮ್ ಹುಡುಗ ನಿನಗ ತ್ರಾಸ ಕೊಡಾಕತ್ತಾನೇನು? ಅಣ್ಣಾರ ಹೇಳಿದಂಗ ಕೇಳು, ಅವ್ರೇ ಕರಕೊಂಡು ಆಡ್ಸ್ಯಾರ ಅಂತ ಹೇಳೇನಿ. ನಂದೇನು, ಇನ್ನೊಂದ್ ವರ್ಷ ಹೆಂಗರ ತಳ್ತೀನಿ.”

ಹದಿನೆಂಟು ಮೆಟ್ಟಿಲು. ಕೊಡ ಹೊತ್ತುಕೊಂಡು ಹತ್ತಿದೆ, ನನಗೇ ಏದುಸಿರು ಬಂತು. ಹಾಲು ತರುವುದು ಮರೆತೆ. ಆಫೀಸಿನಲ್ಲಿ ಮಾರತ್‌ಹಳ್ಳಿಯವರನ್ನು ಎಲೆಕ್ಟ್ರಾನಿಕ್ ಸಿಟಿಯ ಕ್ಯಾಬಿಗೆ ಹತ್ತಿಸಿದೆ. ಒಂಬತ್ತು ವರ್ಷದಲ್ಲಿ ಮೊದಲ ಬಾರಿ. ಬಿಪಿಯೇ ಇರಬೇಕು.

ಆಗಸ್ಟ್ 21, ಗುರುವಾರ

ಹನುಮಯ್ಯ ಫೋನ್ ಮಾಡಿ “ನಾಳೆ ಸಂಜೆ ಗಂಟ ಸುಮ್ಕಿರು, ಸಾಕು” ಎಂದರು. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸವೆಂದು ಗೊತ್ತಿರಲಿಲ್ಲ.

ಆಗಸ್ಟ್ 22, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಐದು ಗಂಟೆಗೆ ಇನ್ನೊಂದು ಮೇಲ್ ಬಂತು. ಏಜೆನ್ಸಿ ಬದಲಾಗುತ್ತಿರುವುದರಿಂದ ಹಳಬರ ಮೇಲ್ ಐಡಿ ಇವತ್ತು ಆರು ಗಂಟೆಗೆ ಬಂದ್ ಎಂದು. ಮುತ್ತುವಿನ ಗಡುವೂ ಅದೇ ಆರು. ಕ್ಲಬ್ಬಿಗೆ ಆಫೀಸಿನ ಐಡಿ ಕೊಟ್ಟ ಬುದ್ಧಿವಂತ ನಾನೇ. ಇರಲಿ, ಒತ್ತುವ ಉದ್ದೇಶವಂತೂ ಇರಲಿಲ್ಲ. ಹಳೆಯ ಮೇಲ್‌ಗಳನ್ನು ಕೊನೆಯ ಸಲ ನೋಡೋಣ ಎಂದು ಒಂದೊಂದನ್ನೇ ತೆರೆಯುತ್ತಿದ್ದೆ, ಅದರಲ್ಲಿ ಇದೂ ತೆರೆಯಿತು.

ಹಸಿರು ಬಟನ್ನು ಕೆಂಪಿಗಿಂತ ದೊಡ್ಡದಾಗಿದೆ, ಇದು ವಿನ್ಯಾಸದ ದೋಷ. ಮೌಸು ಹಳೆಯದು. ಐದು ಗಂಟೆ ಐವತ್ತೆರಡು ನಿಮಿಷಕ್ಕೆ ಒತ್ತಿಹೋಯಿತು. “ಖಚಿತವೇ?” ಎಂದು ಮತ್ತೆ ಕೇಳಿತು. ಅದನ್ನೂ ಒತ್ತಿದೆ, ಏಕೆಂದರೆ ಅರ್ಧಕ್ಕೆ ಬಿಟ್ಟ ಕೆಲಸ ನನಗಾಗುವುದಿಲ್ಲ. “ಕಾರಣ” ಎಂಬ ಪೆಟ್ಟಿಗೆ ತುಂಬದಿದ್ದರೆ ಮುಂದೆ ಹೋಗುವುದಿಲ್ಲ ಎಂದಿತು. ಎರಡು ಸಲ ಬೇರೇನೋ ಬರೆದು ಅಳಿಸಿದೆ. ಕೊನೆಗೆ “ತಾಯಿ” ಎಂದು ಟೈಪ್ ಮಾಡಿದೆ.

ಮನೆಗೆ ಬಂದು ಧನಲಕ್ಷ್ಮಿಗೆ ಎಲ್ಲ ಹೇಳಿದೆ, ಕ್ಯಾಂಟೀನಿನ ಸಾಲು, ಎಂಟನೇ ಜಾಗ, ಹನುಮಯ್ಯನ ಮಾತು, ಬಟನ್ನು. ಬೈಯುತ್ತಾಳೆ ಎಂದುಕೊಂಡೆ. “ಮೊದ್ಲು ಊಟ ಮಾಡಿ” ಎಂದಳು. ಹದಿಮೂರು ದಿನದ ನಂತರ ಗೋಡೆಯನ್ನು ಬಿಟ್ಟು ನನ್ನನ್ನು ನೋಡಿದಳು.

ಆಗಸ್ಟ್ 24, ಭಾನುವಾರ

ಹನುಮಯ್ಯ ಬೈದದ್ದನ್ನು ಬರೆಯುವುದಿಲ್ಲ, ಈ ಡೈರಿಯಲ್ಲಿ ಹೆಂಗಸರ ಅಳತೆಗಳೂ ಇವೆ. ನೌಫಲ್ ಈಗ ಕಾರ್ಯದರ್ಶಿ.

ಆಗಸ್ಟ್ 31, ಭಾನುವಾರ

ಫೈನಲ್ ನಮಗೂ ನೀಲಿ ಕಟ್ಟಡಕ್ಕೂ. ಮುತ್ತು ಎದುರು ಟೀಮಿನಲ್ಲಿ, ನೀಲಿ ಜರ್ಸಿಯಲ್ಲಿ. ಎಪ್ಪತ್ತನೆಯ ನಿಮಿಷದಲ್ಲಿ ಅದೇ ಎಡಗಾಲಿನಿಂದ ನಮ್ಮ ಮೇಲೆ ಗೋಲು ಹೊಡೆದ. ಸೋತೆವು.

ವಸ್ತುನಿಷ್ಠವಾಗಿ ಹೇಳುವುದಾದರೆ ಒಳ್ಳೆಯ ಗೋಲು. ಊರಿನವರು ಒಬ್ಬರೂ ನನ್ನ ಜೊತೆ ಮಾತಾಡಲಿಲ್ಲ. ಹೊಸ ಏಜೆನ್ಸಿಯ ಎಂಟನೇ ಜಾಗಕ್ಕೆ ಹನುಮಯ್ಯನ ಷಡ್ಡಕನ ಮಗನನ್ನು ತೆಗೆದುಕೊಂಡರು. ನಾಳೆಯಿಂದ ನನಗೆ ಕೆಲಸವಿಲ್ಲ. ಬರೆದು ನೋಡಿದರೆ ಚಿಕ್ಕ ವಾಕ್ಯ.

ಸೆಪ್ಟೆಂಬರ್ 10, ಬುಧವಾರ

ರುಕ್ಮವ್ವನ ಆಪರೇಷನ್ ಇವತ್ತು. ಮುತ್ತುವಿನ ಇನ್ಶೂರೆನ್ಸ್ ಕಾರ್ಡ್ ಮೊನ್ನೆ ಬಂತು. ಒಂಬತ್ತೂವರೆಗೆ ರುಕ್ಮವ್ವನನ್ನು ಒಳಗೆ ಕರೆದುಕೊಂಡು ಹೋದರು. ಮುತ್ತು ಕೆಳಗೆ ಇನ್ಶೂರೆನ್ಸ್ ಕೌಂಟರಿನಲ್ಲಿ ಸಾಲಿನಲ್ಲಿದ್ದ, ಧನಲಕ್ಷ್ಮಿ ಹಣ್ಣು ತರಲು ಹೋಗಿದ್ದಳು. ಬಾಗಿಲ ಹೊರಗೆ ಬೆಂಚಿನ ಮೇಲೆ ನಾನೊಬ್ಬನೇ. ಕೆಲಸವಿಲ್ಲದವನಿಗೆ ಕಾಯುವ ಕೆಲಸ ತಾನಾಗಿ ಬರುತ್ತದೆ.

ಹತ್ತೂಕಾಲಿಗೆ ಫೋನು. ಸವಿತಾ ಮೇಡಂ, ಹೊಸ ಏಜೆನ್ಸಿ. ಹನುಮಯ್ಯನ ಷಡ್ಡಕನ ಮಗ ಮೂರು ದಿನದಿಂದ ಪತ್ತೆಯಿಲ್ಲವಂತೆ, ಬ್ರೂಕ್‌ಫೀಲ್ಡಿನವರೆಲ್ಲ ರಸ್ತೆಯಲ್ಲಿ ನಿಂತಿದ್ದಾರಂತೆ.

“ಸಾರ್, ಎಂಟನೇ ಪೊಸಿಷನ್ ಖಾಲಿ ಇದೆ. ಹನ್ನೊಂದು ಗಂಟೆ ಒಳಗೆ ಬಂದು ರಿಪೋರ್ಟ್ ಮಾಡ್ಕೊಳ್ಳಿ. ಇಲ್ಲ ಅಂದ್ರೆ ಲಿಸ್ಟಲ್ಲಿ ಮುಂದಿನವರನ್ನ ಕರೀತೀನಿ.”

ನಾನು ಎದ್ದು ನಿಂತೆ. ಆಸ್ಪತ್ರೆಯಿಂದ ಆಫೀಸಿಗೆ ಆಟೋದಲ್ಲಿ ಇಪ್ಪತ್ತೈದು ನಿಮಿಷ. ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಿತ್ತು.

“ಒಳಗೆ ಆಪರೇಷನ್ ನಡೀತಿದೆ ಮೇಡಂ. ಡಾಕ್ಟ್ರು ಹೊರಗೆ ಬಂದು ಏನು ಅಂತ ಹೇಳೋ ತನಕ ಬರಕ್ಕಾಗಲ್ಲ.”

“ಓ, ಸಾರಿ ಸಾರ್. ಪೇಶೆಂಟ್ ನಿಮಗೇನಾಗ್ಬೇಕು?”

ಏನೆಂದು ಹೇಳಲಿ? ಬಾಡಿಗೆಯವರು ಎಂದರೆ ಸರಿಯಲ್ಲ, ನೆಂಟರು ಎಂದರೆ ಸುಳ್ಳು. ನನಗೆ ತಿಳಿದಿರುವ ಸತ್ಯವನ್ನೇ ಹೇಳಿದೆ.

“ನಮ್ಮನ್ನ ಫೈನಲ್‌ನಲ್ಲಿ ಸೋಲಿಸಿದ ಟೀಮಿನ ಲೆಫ್ಟ್ ವಿಂಗರ್ ತಾಯಿ, ಮೇಡಂ.”

ತಮಾಷೆ ಎಂದುಕೊಂಡಳೋ ಏನೋ, ಫೋನ್ ಇಟ್ಟುಬಿಟ್ಟಳು. ನಾನು ಮತ್ತೆ ಬೆಂಚಿನ ಮೇಲೆ ಕೂತೆ.